ಮಾರ್ತಮ್ಮ ಹೇಳಿದ್ದು, ನಾನು ಬರೆದದ್ದು

ಹೋದ ತಿಂಗಳು ತಂಗಿಯ ಮಗಳ ಮದುವೆಯ ಕರೆಯೋಲೆ ಅಚ್ಚು ಹಾಕಿಸಲು ಮಂಡ್ಯದ ಆ ಹಳೇ ಪ್ರೆಸ್ಸಿಗೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮಸಿ, ಸೀಮೆಎಣ್ಣೆ, ಹೊಸ ಕಾಗದ ಮೂರೂ ಕಲೆತ ವಾಸನೆ ಮೂಗಿಗೆ ಬಡಿಯಿತು. ಹನ್ನೊಂದು ವರ್ಷ ತಿಂಗಳಿಗೊಂದು ಸಲ ಆ ವಾಸನೆ ಕುಡಿದವಳು ನಾನು. ನಾಲ್ಕು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಪ್ರೆಸ್ಸಿನ ಯಜಮಾನರು ಕುರ್ಚಿ ಎಳೆದು ಹಾಕಿ, ಸುತ್ತ ಒಂದು ಸಲ ನೋಡಿ, ದನಿ ತಗ್ಗಿಸಿ ಕೇಳಿದರು.

“ಈಗ ಉಸಾರಾಗಿದ್ದೀರಾ ಟೀಚರಮ್ಮ?”

“ನಂಗೇನಾಗಿತ್ತು?”

“ಅಲ್ಲ, ಚರ್ಚಿನ ಪತ್ರಿಕೆ ಕೆಲಸಕ್ಕೆ ನೀವು ಬರೋದು ನಿಲ್ಸುದ್ರಲ್ಲ, ಯಾಕೆ ಅಂತ ನಿಮ್ಮ ಅಯ್ಯನೋರ್ನ ಕೇಳಿದ್ದೆ. ಪಾಪ, ಟೀಚರಮ್ಮಂಗೆ ಮನಸ್ಸಿಗೆ ಏನೋ ತೊಂದ್ರೆ ಆಗಿದೆ, ನಾವೆಲ್ಲ ಅವರಿಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೀವಿ ಅಂದ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. ತಲೆ ಕೆಟ್ಟಿದೆ ಅಂತ ನೇರವಾಗಿ ಅಂದಿದ್ದರೆ ಜಗಳವಾಡಬಹುದಿತ್ತು. ಪಾಪ ಅಂದಿದ್ದಾರೆ! ನಮಗಾಗಿ ಪ್ರಾರ್ಥನೆ ಮಾಡುವವರ ಮೇಲೆ ಜಗಳಕ್ಕೆ ಹೋದರೆ ತಲೆ ಕೆಟ್ಟಿರುವುದು ನಿಜ ಅಂತಲೇ ಆಗಿಬಿಡುತ್ತದೆ. ಕರೆಯೋಲೆಯ ಮಾದರಿಯೊಂದನ್ನು ಬೆರಳಿಟ್ಟು ತೋರಿಸಿ ಎದ್ದುಬಂದೆ. ಆಟೋ ಹತ್ತದೆ ಗುತ್ತಲಿನ ಮನೆಯವರೆಗೂ ನಡೆದೇ ಬಂದೆ, ಅಷ್ಟು ಸಿಟ್ಟು. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ವರ್ಷದ ಹಿಂದಿನ ಆ ಮಳೆಗಾಲವನ್ನು ನನ್ನ ತಲೆಯಿಂದ ಯಾರೂ ಪ್ರಾರ್ಥನೆ ಮಾಡಿ ತೆಗೆಯಲಾರರು.

ನಾನು ಹುಟ್ಟಿ ಬೆಳೆದದ್ದು ಗುತ್ತಲಿನಲ್ಲೇ. ನಮ್ಮಜ್ಜನ ಕಾಲದಿಂದ ನಾವು ಕ್ರೈಸ್ತರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ಹೋದ ವರ್ಷ ನಿವೃತ್ತಿಯಾದೆ. ನಮ್ಮ ಸಭೆ ದೊಡ್ಡದೇನಲ್ಲ. ಶೀಟು ಹೊದಿಸಿದ ಒಂದು ಉದ್ದನೆಯ ಕಟ್ಟಡ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಅರವತ್ತು ಮನೆಯವರು. ಸಭಾಪಾಲಕರನ್ನು ಎಲ್ಲರೂ ಅಯ್ಯನೋರು ಅಂತಲೇ ಕರೆಯುತ್ತಿದ್ದೆವು. ಒಳ್ಳೆಯ ಮಾತುಗಾರರು, ಹಾಡಲು ನಿಂತರೆ ಇನ್ನೂ ಒಳ್ಳೆಯ ಕಂಠ. ನಮ್ಮಪ್ಪ ಹಾಸಿಗೆ ಹಿಡಿದಾಗ ದಿನ ಬಿಟ್ಟು ದಿನ ಬಂದು ಪಕ್ಕದಲ್ಲಿ ಕೂತವರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವರು ಕೆಟ್ಟವರು ಅಂತ ಮೊದಲೇ ಗೊತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಭಾನುವಾರ ಹಾಡುಗಳು ಮುಗಿದ ಮೇಲೆ ಸಾಕ್ಷಿ ಹೇಳುವ ಹೊತ್ತು. ತಮ್ಮ ಬಾಳಿನಲ್ಲಿ ದೇವರು ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಮುಂದಿನ ಬೆಂಚಿನಲ್ಲಿ ಕೂತು ಅವರ ಮಾತನ್ನು ಅವರಾಡಿದ ಹಾಗೇ ಗೆರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಆಮೇಲೆ ಮನೆಯಲ್ಲಿ ಕೂತು ತಿದ್ದಿ, ಒಳ್ಳೆಯ ಕನ್ನಡ ಮಾಡಿ, ತಿಂಗಳ ಕೊನೆಗೆ ನಾಲ್ಕು ಪುಟದ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೆ. ಪತ್ರಿಕೆಗೆ ಅಯ್ಯನೋರು ಒಂದೇ ಒಂದು ನಿಯಮ ಮಾಡಿದ್ದರು. ಸಾಕ್ಷಿ ಹೇಳಿದವರ ಹೆಸರು, ಊರು ಇರಲಿ. ಅವರಿಗಾಗಿ ಯಾರು ಪ್ರಾರ್ಥಿಸಿದರು, ಯಾರು ಬುದ್ಧಿ ಹೇಳಿದರು ಅನ್ನುವುದು ಬೇಡ. ಮಹಿಮೆಯೆಲ್ಲ ದೇವರಿಗೆ ಸಲ್ಲಬೇಕು, ಮನುಷ್ಯರಿಗಲ್ಲ. ಎಂಥಾ ವಿನಯ ಅಂದುಕೊಂಡಿದ್ದೆ. ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಯೂ ಇದ್ದೆ.

ಆ ವರ್ಷ ಬೇಸಿಗೆ ರಜೆಗೆ ಮುಂಚಿನ ಒಂದು ಭಾನುವಾರ ಮಾರ್ತಮ್ಮ ಎದ್ದು ನಿಂತಳು. ನಮ್ಮ ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ಬೆಳಕವಾಡಿಯ ಸೊಸೆ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮನೆ ಕಂಡರೆ ಹೆಚ್ಚು. ಮಗಳು ಜ್ಯೋತಿಯನ್ನು ಓದಿಸಲೆಂದು ಗುತ್ತಲಿನಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಜ್ಯೋತಿ ಎಂಟನೇ ಕ್ಲಾಸು ಮುಗಿಸಿದ್ದಳು, ನನ್ನ ಪಾಠದಲ್ಲಿ ಮುತ್ತಿನಂಥ ಅಕ್ಷರ ಬರೆಯುವ ಹುಡುಗಿ. ಏಳನೇ ವರ್ಷದಿಂದ ಫಿಟ್ಸ್ ಇತ್ತು, ದೊಡ್ಡಾಸ್ಪತ್ರೆಯ ಮಾತ್ರೆ ನಡೆಯುತ್ತಿತ್ತು. ಅವತ್ತು ಅವಳು ಸಭೆಗೆ ಬಂದಿರಲಿಲ್ಲ.

“ಮೂರು ತಿಂಗ್ಳಾಯ್ತು, ಮಗೀಗೆ ಫಿಟ್ಸ್ ಬಂದಿಲ್ಲ,” ಅಂದಳು ಮಾರ್ತಮ್ಮ, ಸೆರಗಿನ ತುದಿ ಹಿಡಿದುಕೊಂಡು. “ಅಯ್ಯನೋರು ತಲೆ ಮ್ಯಾಲೆ ಕೈ ಮಡಗಿ ಪ್ರಾರ್ಥನೆ ಮಾಡುದ್ರು. ಆಮೇಲೆ ನನ್ನೊಬ್ಳನ್ನೇ ಕರ್ದು, ಇನ್ನೂ ಮಾತ್ರೆ ಕೊಡ್ತಿದ್ದೀಯಾ, ನಿಂಗೆ ನಂಬಿಕೆ ಇಲ್ವಾ ಮಾರ್ತಮ್ಮ, ಬುಡು ಅಂದ್ರು. ಬುಟ್ಟೆ. ದೇವ್ರಿಗೆ ಸ್ತೋತ್ರ.”

ಎಲ್ಲರೂ ಸ್ತೋತ್ರ ಅಂದರು. ಅಯ್ಯನೋರು ಕಣ್ಣು ಮುಚ್ಚಿ, ತಲೆ ಆಡಿಸುತ್ತಾ ಕೇಳಿಸಿಕೊಂಡರು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಫಿಟ್ಸ್ ಮಾತ್ರೆಯನ್ನು ಹಾಗೆ ನಿಲ್ಲಿಸಬಾರದು ಅಂತ ನನ್ನಂಥ ಓದಿದವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದೇವರ ಕೆಲಸದಲ್ಲಿ ನಾನ್ಯಾರು ಬಾಯಿ ಹಾಕಲು ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ಮನೆಗೆ ಬಂದು ತಿದ್ದಲು ಕೂತೆ. “ನಾನು ದೃಢವಾದ ವಿಶ್ವಾಸದಿಂದ ಔಷಧಗಳನ್ನು ತ್ಯಜಿಸಿ, ನನ್ನ ಮಗಳನ್ನು ದೇವರ ಕೈಗೆ ಒಪ್ಪಿಸಿದೆನು.” ಎಷ್ಟು ಚೆಂದದ ವಾಕ್ಯ! ನಿಯಮದ ಪ್ರಕಾರ ಅಯ್ಯನೋರು ಹೇಳಿದ್ದನ್ನು ಹೊಡೆದುಹಾಕಿದ್ದೆ. ಓದಿ ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಥೂ.

ಸ್ಕೂಲು ಮತ್ತೆ ಶುರುವಾಗಿ ಹತ್ತು ದಿನವಾಗಿತ್ತು. ಆ ಸಲ ಮುಂಗಾರು ಬಿಡದೆ ಹಿಡಿದಿತ್ತು, ಸೌದೆಯೆಲ್ಲ ತೊಯ್ದು ಹೊಗೆಯಾಡುತ್ತಿದ್ದ ಕಾಲ. ಬೆಳಗ್ಗೆ ಮಾರ್ತಮ್ಮ ಸ್ಕೂಲಿಗೆ ಬಂದು ಅಕ್ಕಿ ತೊಳೆಯುತ್ತಿದ್ದಳು. ಜ್ಯೋತಿ ಸ್ನಾನಕ್ಕೆ ನೀರು ಕಾಯಿಸಲು ಹಂಡೆಯ ಒಲೆಗೆ ಸೌದೆ ಒಟ್ಟುತ್ತಿದ್ದಳು. ಆಗ ಫಿಟ್ಸ್ ಬಂತು. ಪಕ್ಕದ ಮನೆಯವರು ಹೊಗೆಯ ವಾಸನೆ ಅಲ್ಲ ಇದು ಅಂತ ಓಡಿ ಬರುವ ಹೊತ್ತಿಗೆ ಹುಡುಗಿಯ ಬಲಗೈ ಮೊಣಕೈವರೆಗೆ ಒಲೆಯೊಳಗಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಮಾರ್ತಮ್ಮನ ಮೇಲೆ ಕೂಗಾಡಿದರು. ನಾನು ಅಲ್ಲೇ ನಿಂತಿದ್ದೆ. ಯಾರಮ್ಮ ನಿಂಗೆ ಮಾತ್ರೆ ನಿಲ್ಸು ಅಂದಿದ್ದು ಅಂತ ಅವರು ಕೇಳಿದರೆ ಮಾರ್ತಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಮೈಸೂರಿಗೆ ಕರೆದುಕೊಂಡು ಹೋದರು. ಪ್ರಾಣ ಉಳಿಯಿತು. ಆ ಕೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.

ಆರನೇ ವಾರಕ್ಕೆ ಮಾರ್ತಮ್ಮ ಒಬ್ಬಳೇ ಸಭೆಗೆ ಬಂದಳು. ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು, ಹಾಗಾಗಿ ಅವಳು ಗಂಟಲೆತ್ತಿಯೇ ಮಾತಾಡಬೇಕಾಯಿತು. “ಅಯ್ಯನೋರೇ, ಮಾತ್ರೆ ಬುಡು ಅಂದಿದ್ದು ನೀವು. ಬುಟ್ಟಿದ್ದು ನಾನು. ನಂದೂ ತಪ್ಪು ಅದೆ, ಇಲ್ಲ ಅನ್ನಕಿಲ್ಲ. ಆದ್ರೆ ನಮ್ಮತ್ತೆ, ನನ್ ಮಗ್ಳು ಎಲ್ರೂ ನಾನೊಬ್ಳೇ ಮಾಡ್ದೆ ಅಂತವ್ರೆ. ಬುಡು ಅಂತ ನಾನೇ ಯೋಳಿದ್ದು ಅಂತ ಇಲ್ಲಿ ಎಲ್ರ ಮುಂದೆ ಒಂದ್ ಮಾತು ಅಂದ್ಬುಡಿ. ನಂಗೆ ಇನ್ನೇನೂ ಬ್ಯಾಡ.”

ಒಂದು ಮಾತು. ಅವಳು ಕೇಳಿದ್ದು ಅಷ್ಟೇ. ಪೊಲೀಸು, ಕೋರ್ಟು ಅನ್ನಲಿಲ್ಲ, ಪರಿಹಾರ ಅನ್ನಲಿಲ್ಲ, ಶಾಪವನ್ನೂ ಹಾಕಲಿಲ್ಲ. ಅಯ್ಯನೋರು ವೇದಿಕೆಯಿಂದ ಇಳಿದು ಬಂದರು. ಅವರ ಕಣ್ಣು ಒದ್ದೆಯಾಗಿತ್ತು. “ನಮ್ಮ ಸಹೋದರಿ ಬಹಳ ನೊಂದಿದ್ದಾರೆ. ನೋವಿನಲ್ಲಿ ಮನುಷ್ಯ ಏನೇನೋ ಮಾತಾಡಿಬಿಡುತ್ತಾನೆ. ಎಲ್ಲರೂ ಕಣ್ಣು ಮುಚ್ಚಿ, ಅವರಿಗಾಗಿ ಪ್ರಾರ್ಥಿಸೋಣ,” ಅಂದರು. ಅರವತ್ತು ಮನೆಯವರೂ ಕಣ್ಣು ಮುಚ್ಚಿದೆವು. ನಾನೂ ಮುಚ್ಚಿದೆ. ಎಷ್ಟು ಹಾಯಾಗಿತ್ತು ಗೊತ್ತೇ, ಅವಳ ಮುಖ ನೋಡುವ ಕಷ್ಟವಿಲ್ಲದೆ! ಪ್ರಾರ್ಥನೆ ಉದ್ದವಾಗಿತ್ತು. ಕಣ್ಣು ಬಿಟ್ಟಾಗ ಅವಳು ಹೋಗಿಬಿಟ್ಟಿದ್ದಳು. ಅದೇ ವಾರ ಅಡುಗೆ ಕೆಲಸ ಬಿಟ್ಟು, ರೂಮು ಖಾಲಿ ಮಾಡಿ, ಮಗಳೊಂದಿಗೆ ಬೆಳಕವಾಡಿಗೆ ಹೊರಟುಹೋದಳು.

ಅವಳು ಹೋದ ಮೇಲೆ ಅವಳ ವಿಷಯ ಶುರುವಾಯಿತು. ಅಯ್ಯನೋರು ಭಾನುವಾರದ ಉಪದೇಶದಲ್ಲಿ ಹೆಸರು ಹೇಳುತ್ತಿರಲಿಲ್ಲ, ಆದರೆ ಯಾರ ಬಗ್ಗೆ ಅಂತ ಕೂಸುಗಳಿಗೂ ಗೊತ್ತಾಗುತ್ತಿತ್ತು. ಸಭೆಯನ್ನು ಬಿಟ್ಟು ಹೋದವರ ಮನಸ್ಸಿನಲ್ಲಿ ಕಹಿ ತುಂಬಿರುತ್ತದಂತೆ, ಆ ಕಹಿ ನಮಗೂ ಅಂಟುತ್ತದಂತೆ, ಅದಕ್ಕೇ ಅವರ ಮನೆ ಬಾಗಿಲಿಗೆ ಹೋಗದೆ ದೂರದಿಂದಲೇ ಪ್ರೀತಿಸಬೇಕಂತೆ. ದೂರದಿಂದ ಪ್ರೀತಿಸುವುದು! ಸಭೆಯ ಹಿರಿಯರಾದ ದೇವದಾಸಣ್ಣ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, “ಅವಳು ಮೊದಲಿಂದ್ಲೂ ಅಂಗೇ ಕಣಮ್ಮ, ಬಾಯಿ ಜೋರು. ಗಂಡ ಮನೇಲಿರಕಿಲ್ಲ, ಯೋಳೋರು ಕೇಳೋರು ಇಲ್ಲ. ಯಾರೋ ಇಂದ್ಗಡೆ ನಿಂತು ಆಡುಸ್ತಾವ್ರೆ,” ಅಂದರು. ನಾಲ್ಕು ತಿಂಗಳ ಹಿಂದೆ ಇದೇ ದೇವದಾಸಣ್ಣ ಅವಳ ಸಾಕ್ಷಿಗೆ ಎಲ್ಲರಿಗಿಂತ ಜೋರಾಗಿ ಸ್ತೋತ್ರ ಅಂದಿದ್ದರು. ಆಗ ಅವಳ ಬಾಯಿ ಜೋರು ಅನ್ನಿಸಿರಲಿಲ್ಲ.

ಆಗಸ್ಟಿನ ಒಂದು ಭಾನುವಾರ ಅಯ್ಯನೋರು ವೇದಿಕೆಯ ಮೇಲೆ ನಮ್ಮ ಪತ್ರಿಕೆಯನ್ನು ಎತ್ತಿ ಹಿಡಿದರು. ನಾನು ಬರೆದ ಆ ಚೆಂದದ ವಾಕ್ಯವನ್ನು ಬಿಡಿಸಿ ಬಿಡಿಸಿ ಓದಿದರು. “ನೋಡಿ, ತಾನೇ ತ್ಯಜಿಸಿದೆನು ಎಂದು ಸಹೋದರಿ ಹೇಳಿದ್ದಾರೆ. ಇದರಲ್ಲಿ ಬೇರೆ ಯಾರ ಹೆಸರಾದರೂ ಇದೆಯೇ? ಬರೆದವರು ನಮ್ಮ ಟೀಚರಮ್ಮ. ಅವರು ಸುಳ್ಳು ಬರೆಯುವವರಲ್ಲ.” ಹಾಗಂದು ನನ್ನ ಕಡೆ ನೋಡಿ ನಕ್ಕರು. ಎಲ್ಲರೂ ತಿರುಗಿ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಹನ್ನೊಂದು ವರ್ಷ ವಿನಯ ಅಂತ ನಾನು ನಂಬಿದ್ದ ಆ ನಿಯಮ ಏನು ಕೆಲಸ ಮಾಡಿಕೊಂಡು ಬಂದಿತ್ತು ಅಂತ ಆ ಕ್ಷಣ ಅರ್ಥವಾಯಿತು. ಒಳ್ಳೆಯದಾದರೆ ಮಹಿಮೆ ದೇವರಿಗೆ, ಕೆಟ್ಟದ್ದಾದರೆ ತಪ್ಪು ನಂಬಿದವರಿಗೆ. ನಡುವೆ ನಿಂತು ಬುಡು ಅಂದವರು ಎಲ್ಲೂ ಇಲ್ಲ.

ಅವತ್ತು ಸಂಜೆಯೇ ಅಯ್ಯನೋರ ಮನೆಗೆ ಹೋದೆ. “ಮಾರ್ತಮ್ಮ ಹೇಳಿದ್ದು ನನ್ನ ಕಿವಿಯಲ್ಲಿದೆ. ಅವಳು ನಿಮ್ಮೆದುರಿಗೇ ಸಾಕ್ಷಿ ಹೇಳಿದಳು, ನೀವು ಇಲ್ಲ ಅನ್ನಲಿಲ್ಲ,” ಅಂದೆ. ಅವರಿಗೆ ಸಿಟ್ಟು ಬರಲಿಲ್ಲ. ಕಾಫಿ ತರಿಸಿದರು. “ಹಾಗೆ ಹೇಳಿದ ನೆನಪಿಲ್ಲಮ್ಮ ನನಗೆ. ಪ್ರೋತ್ಸಾಹಕ್ಕೆ ಏನೋ ಒಂದು ಮಾತು ಅಂದಿರಬಹುದು. ಅದಿರಲಿ, ಹೊರಗೆ ಪರಿಸ್ಥಿತಿ ಹೇಗಿದೆ ಅಂತ ನಿಮಗೆ ಗೊತ್ತಲ್ಲ? ಪ್ರಾರ್ಥನೆ ನಡೆಯುವ ಮನೆಗಳಿಗೆ ನುಗ್ಗಿ ಗಲಾಟೆ ಮಾಡುತ್ತಿದ್ದಾರೆ. ಇಂಥ ಮಾತು ಅವರ ಕಿವಿಗೆ ಬಿದ್ದರೆ ನಮ್ಮ ಬಾಗಿಲು ಹಾಕಿಸುತ್ತಾರೆ. ಒಬ್ಬ ಹೆಂಗಸಿನ ಸಮಾಧಾನಕ್ಕೆ ಅರವತ್ತು ಮನೆಯವರು ಬೀದಿಗೆ ಬೀಳಬೇಕೇ?”

ಇಲ್ಲಿ ನಾನು ಸೋತೆ. ಯಾಕೆಂದರೆ ಆ ಭಯ ಸುಳ್ಳಲ್ಲ. ಆ ವರ್ಷ ಬೀದಿಯಲ್ಲಿ ಬೈಬಲ್ಲನ್ನು ಚೀಲದೊಳಗಿಟ್ಟುಕೊಂಡೇ ನಡೆಯುತ್ತಿದ್ದವಳು ನಾನು. ನಮ್ಮ ಯಜಮಾನರೂ ರಾತ್ರಿ ಊಟಕ್ಕೆ ಕೂತಾಗ, “ಸುಮ್ಕಿರೇ, ಊರ ಉಸಾಬರಿ ನಿಂಗ್ಯಾಕೆ,” ಅಂದರು. ಮೂರು ವಾರ ಸುಮ್ಮನಿದ್ದೆ. ನಮ್ಮೆಲ್ಲರ ನಿಜವಾದ ಭಯವನ್ನು ತೆಗೆದುಕೊಂಡು ತನ್ನೊಂದು ಮಾತನ್ನು ಮುಚ್ಚಲು ಕಂಬಳಿ ಮಾಡಿಕೊಂಡರಲ್ಲ ಆ ಮನುಷ್ಯ, ಅದಕ್ಕೆ ನನ್ನ ಕ್ಷಮೆ ಇಲ್ಲ. ಹೊರಗಿನವರು ಕಲ್ಲು ಹೊಡೆಯುತ್ತಾರೆ ಅಂತ ಒಳಗಿನವರು ನ್ಯಾಯ ಕೇಳಬಾರದೇ? ಹಾಗಾದರೆ ನಾವು ಎಲ್ಲಿಗೆ ಹೋಗಿ ಕೇಳುವುದು?

ಮೂರನೇ ವಾರ ದೇವದಾಸಣ್ಣ ಒಂದು ಹಾಳೆ ತಂದುಕೊಟ್ಟರು. ಮಾರ್ತಮ್ಮನ ಕೈಯಿಂದ ಸಹಿ ಹಾಕಿಸಿಕೊಂಡು ಬರಬೇಕು, ಮುಂದಿನ ಪತ್ರಿಕೆಯಲ್ಲಿ ಹಾಕಬೇಕು. “ದುಃಖದಲ್ಲಿ ಆಡಿದ ಮಾತುಗಳಿಗಾಗಿ ಸಭೆಯ ಕ್ಷಮೆ ಕೋರುತ್ತೇನೆ” ಅಂತ ಅದರಲ್ಲಿತ್ತು. “ಸ್ವಲ್ಪ ಕನ್ನಡ ತಿದ್ಬುಡಿ ಟೀಚರಮ್ಮ,” ಅಂದರು.

ಆ ವಾರದ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಮಳವಳ್ಳಿ ಬಸ್ಸು ಹತ್ತಿದೆ, ಅಲ್ಲಿಂದ ಬೆಳಕವಾಡಿಗೆ ಇನ್ನೊಂದು ಬಸ್ಸು. ನಾಲೆಗೆ ನೀರು ಬಿಟ್ಟಿದ್ದರು, ರಸ್ತೆಯ ಎರಡೂ ಕಡೆ ನಾಟಿ ನಡೆಯುತ್ತಿತ್ತು, ಬಗ್ಗಿದ ಹೆಂಗಸರು ತಲೆಗೆ ಪ್ಲಾಸ್ಟಿಕ್ ಹೊದ್ದಿದ್ದರು. ಮಾರ್ತಮ್ಮನೂ ನಾಟಿ ಕೂಲಿಗೆ ಹೋಗಿದ್ದಳು, ಕೆಸರುಗಾಲಲ್ಲೇ ಬಂದಳು. ಜಗಲಿಯ ಮೇಲೆ ಜ್ಯೋತಿ ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಳು. ಬಲಗೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಅವ್ವನ ಕಡೆ ತಿರುಗಿಯೂ ನೋಡಲಿಲ್ಲ. ಗುತ್ತಲಿನ ಯಾರೋ ಗೆಳತಿ ಅವಳಿಗೆ ಪತ್ರಿಕೆ ಕಳಿಸಿದ್ದಳಂತೆ. ಅವತ್ತಿನಿಂದ ತಾಯಿಯ ಹತ್ತಿರ ಮಾತು ಬಿಟ್ಟಿದ್ದಾಳೆ ಅಂತ ಮಾರ್ತಮ್ಮನ ಅತ್ತೆ ಹೇಳಿದರು. “ಬುಡದೇ ಇನ್ನೇನವ್ವ? ಎತ್ತವ್ವನೇ ಮಾತ್ರೆ ಬಿಸಾಕುದ್ಲು ಅಂತ ಅಚ್ಚಾಕವ್ರೆ.”

ಮಾರ್ತಮ್ಮ ನನ್ನ ಮುಂದೆ ಕೆಳಗೆ ಕೂತಳು. “ಟೀಚರಮ್ಮ, ನೀವು ಮುಂದಿನ ಬೆಂಚಲ್ಲಿದ್ರಿ. ನಾನಂದಿದ್ದು ನಿಮಗೆ ಕೇಳುಸ್ತು ತಾನೆ?”

“ಹೂಂ.”

“ಬರ್ಕೊಂಡ್ರಿ ತಾನೆ?”

“ಹೂಂ, ಬರ್ಕೊಂಡೆ.”

“ಮತ್ತೆ ಅದು ಎಲ್ಲೋಯ್ತು?”

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. ಇಂಥ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಚೀಲದಲ್ಲಿದ್ದ ಹಾಳೆಯನ್ನು ಹೊರಗೆ ತೆಗೆಯಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನು ಹರಿದು ಕಿಟಕಿಯಿಂದ ಎಸೆದೆ.

ಮನೆಗೆ ಬಂದು ಬೀರುವಿನಿಂದ ಆ ವರ್ಷದ ನೋಟ್‌ಬುಕ್ ತೆಗೆದೆ. ಪುಟ ಇತ್ತು. ಮಾರನೇ ದಿನ ಭಾನುವಾರ ಸಾಕ್ಷಿಯ ಹೊತ್ತಿಗೆ ನಾನೇ ಎದ್ದು ನಿಂತೆ. ಹನ್ನೊಂದು ವರ್ಷದಲ್ಲಿ ನಾನು ಸಾಕ್ಷಿ ಹೇಳಿದ್ದು ಅದೇ ಮೊದಲು. ಮಾರ್ತಮ್ಮನ ಮಾತನ್ನು ಅವಳಾಡಿದ ಹಾಗೇ ಓದಿದೆ, ಬುಡು ಅಂದ್ರು, ಬುಟ್ಟೆ ಅನ್ನುವುದನ್ನು ಎರಡು ಸಲ ಓದಿದೆ. “ಇದನ್ನು ಹೊಡೆದುಹಾಕಿ ಸುಳ್ಳು ಅಚ್ಚು ಹಾಕಿಸಿದವಳು ನಾನು. ಅಂದವರು ಇಲ್ಲೇ ಇದ್ದಾರೆ. ಹೌದೋ ಅಲ್ಲವೋ ಅನ್ನಲಿ,” ಅಂದೆ.

ಅಯ್ಯನೋರು ನನ್ನ ಕೈಯ ನೋಟ್‌ಬುಕ್ಕನ್ನೇ ನೋಡಿದರು. ಆಮೇಲೆ ಮೆಲ್ಲಗೆ, “ಟೀಚರಮ್ಮನವರು ಕೆಲವು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಅಂತ ಕಾಣುತ್ತದೆ. ಎಲ್ಲರೂ ಕಣ್ಣು ಮುಚ್ಚಿ...” ಅಂದರು.

“ಮುಚ್ಚಬೇಡಿ!” ಅಂತ ಕೂಗಿದೆ. “ನನ್ನನ್ನು ನೋಡಿ. ಬೈಯಿರಿ ಬೇಕಾದರೆ, ಕಣ್ಣು ಮಾತ್ರ ಮುಚ್ಚಬೇಡಿ.”

ಮುಚ್ಚಿದರು. ನನ್ನನ್ನು ಎಳೆತನದಿಂದ ಕಂಡವರು, ನಾನು ಅಕ್ಷರ ಕಲಿಸಿದವರು, ದೇವದಾಸಣ್ಣ, ಕೊನೆಗೆ ನಮ್ಮ ಯಜಮಾನರೂ. ನಾನೊಬ್ಬಳೇ ಕಣ್ಣು ತೆರೆದು ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಿಂತಿದ್ದೆ. ಪ್ರಾರ್ಥನೆ ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವತ್ತೇ ಕೊನೆ.

ಅಲ್ಲಿಂದ ನೇರ ಬೆಳಕವಾಡಿಗೆ ಹೋದೆ. ಜ್ಯೋತಿಯನ್ನು, ಅವಳ ಅಜ್ಜಿಯನ್ನು, ಮಾರ್ತಮ್ಮನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಪುಟ ಓದಿದೆ. ನಿನ್ನವ್ವ ಹೇಳಿದ್ದು ಇದು, ಅಚ್ಚಾಗಿದ್ದು ನಾನು ಕಟ್ಟಿದ್ದು ಅಂದೆ. ಜ್ಯೋತಿ ನೋಟ್‌ಬುಕ್ಕನ್ನು ಎಡಗೈಯಲ್ಲಿ ಈಸಿಕೊಂಡು ತಾನೇ ಓದಿದಳು. ಓದಿ ಮುಗಿಸಿ, “ಅವ್ವ, ಇದ್ನ ನೀನ್ಯಾಕೆ ನಂಗೆ ಯೋಳ್ಲಿಲ್ಲ?” ಅಂದಳು. “ಯೋಳ್ದೆ ಕಣವ್ವ. ನೀನು ಅಚ್ಚಾಗಿರಾದ್ನ ನಂಬ್ದೆ,” ಅಂದಳು ಮಾರ್ತಮ್ಮ. ಹುಡುಗಿ ತಾಯಿಯ ಭುಜಕ್ಕೆ ಮುಖ ಒತ್ತಿ ಅತ್ತಳು. ಮಾರ್ತಮ್ಮ ಅಳಲಿಲ್ಲ.

ಅಜ್ಜಿ ಮಾತ್ರ ಎಲೆಯಡಿಕೆ ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು. “ಅಲ್ಲಾ ಕಣ್ ಟೀಚರಮ್ಮ, ನೀವಾದ್ರೂ ಬಂದ್ರಿ. ಆಯಪ್ಪ ಒಂದ್ ದಿನ ಬಂದು ಈ ಮಗೀನ ಕೈ ನೋಡ್ನಿಲ್ವಲ್ಲ, ಯಾಕೆ?”

ಪ್ರತಿ ಭಾನುವಾರ ಈಗಲೂ ನನ್ನ ಹೆಸರು ಹೇಳಿ ಪ್ರಾರ್ಥಿಸುತ್ತಾರಂತೆ, ಮಾರ್ತಮ್ಮನ ಹೆಸರನ್ನೂ ಸೇರಿಸಿ. ಗುತ್ತಲಿನಿಂದ ಬೆಳಕವಾಡಿಗೆ ಎರಡು ಬಸ್ಸು, ಅಷ್ಟೇ. ಆ ಹುಡುಗಿಯ ಕೈ ನೋಡಲು ಅವರು ಇವತ್ತಿಗೂ ಬಂದಿಲ್ಲ.